ಸೊನ್ನೆ ಪಾಯಿಂಟ್ ಆರು

2021ರ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಸುರಂಜನ್ ದಾಸ್ ರಸ್ತೆಯಲ್ಲಿ ನನ್ನ ಸೈಕಲ್ಲಿನ ಹ್ಯಾಂಡಲ್ ಕೈಯಲ್ಲೇ ತಿರುಗಿಬಿಟ್ಟಿತು. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಕೆಳಕ್ಕೆ. ಹಂಪ್ ಬಂತು ಅಂತ ಎರಡೂ ಬ್ರೇಕ್ ಒತ್ತಿದೆ, ಮೈಭಾರವೆಲ್ಲ ಅಂಗೈ ಮೇಲೆ ಬಿತ್ತು, 'ಕರ್' ಅಂತ ಸದ್ದು ಮಾಡಿಕೊಂಡು ಹ್ಯಾಂಡಲ್ ಮುಂದಕ್ಕೆ ಮಗುಚಿತು, ಅದರ ಹಿಂದೆ ನಾನೂ. ಪುಣ್ಯಕ್ಕೆ ಹಿಂದೆ ಬಸ್ ಇರಲಿಲ್ಲ. ಮಂಡಿ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಎದ್ದು ಕೂತಾಗ ನನಗೆ ನೆನಪಾದದ್ದು ಮಂಡಿಯಲ್ಲ, ಅಕ್ಕನ ಮಗ. ಮುಂದಿನ ಭಾನುವಾರ ಈ ಸೈಕಲ್ ಅವನ ಕೈ ಸೇರಬೇಕಿತ್ತು. ಹದಿನೈದು ವರ್ಷದ ಹುಡುಗ, ಆಗಲೇ ನನಗಿಂತ ಎರಡು ಇಂಚು ಉದ್ದ. ಲಾಕ್‌ಡೌನ್‌ನಲ್ಲಿ ಮನೆಯೊಳಗೇ ಕೂತು ಕೂತು ಬೇಜಾರಾಗಿದ್ದವನು, ದಿನಕ್ಕೊಂದು ಸಲ 'ಮಾಮ, ರೆಡಿ ಆಯ್ತಾ?' ಅಂತ ಮೆಸೇಜ್ ಹಾಕ್ತಿದ್ದ.

ಆ ವರ್ಷ ಸೈಕಲ್ ಸಿಗೋದು ಎಷ್ಟು ಕಷ್ಟವಾಗಿತ್ತು ಅಂತ ನಿಮಗೂ ನೆನಪಿರಬಹುದು. ಎಲ್ಲರಿಗೂ ಒಟ್ಟಿಗೇ ಸೈಕಲ್ ಬೇಕಾಯಿತು, ಅಂಗಡಿಗಳಲ್ಲಿ ಸ್ಟಾಕ್ ಇಲ್ಲ. ವಿಚಿತ್ರ ಅಂದ್ರೆ, 1951ರಲ್ಲಿ ಶುರುವಾಗಿದ್ದ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕೊನೆಯ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿದ್ದೂ ಅದೇ 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ. ಹೊಸದು ಸಿಗದೆ ನಾನು ಯಾರೋ ಹೊರದೇಶದಿಂದ ತಂದಿದ್ದ ಹಳೇ ಸ್ಟೀಲ್ ರೋಡ್ ಬೈಕ್ ಕೊಂಡೆ. ಅದರ ಹ್ಯಾಂಡಲ್ ಸೊಟ್ಟಗಾಗಿತ್ತು. ಅಂಗಡಿಯವರು ಬೇರೊಂದು ಹಾಕಿಕೊಟ್ಟರು. ಮೂರು ವಾರ ಓಡಿಸಿದೆ, ಏನೂ ಅನ್ನಿಸಲಿಲ್ಲ.

ಬಿದ್ದ ದಿನ ಸೈಕಲ್ ತಳ್ಳಿಕೊಂಡು ನೇರ ಸೋದರಮಾವನ ಮನೆಗೆ ಹೋದೆ. ನಾನಿರುವುದು ಜೀವನ್ ಬಿಮಾ ನಗರದಲ್ಲಿ, ಎರಡು ಕ್ರಾಸ್ ಆಚೆ ಮಾವನ ಮನೆ. ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ಮಂಡಿಗೆ ಅತ್ತೆ ಡೆಟಾಲ್ ಹಚ್ಚುತ್ತಿದ್ದರೆ ಮಾವ ಹ್ಯಾಂಡಲ್ ಹತ್ತಿರ ಬಗ್ಗಿದ್ದರು.

"ಯಾರೋ ಕಟ್ಟಿದ್ದು ಇದನ್ನ?"

"ಅಂಗಡಿಯವರೇ ಹಾಕಿಕೊಟ್ಟಿದ್ದು ಮಾವ."

"ಅಳತೆ ನೋಡಿದ್ರಾ?"

"ಬೋಲ್ಟ್ ಟೈಟ್ ಮಾಡಿದ್ರು. ಕೂತ್ಕೊಳ್ತು."

"ಕೂತ್ಕೊಳ್ಳೋದು ಬೇರೆ, ಹಿಡ್ಕೊಳ್ಳೋದು ಬೇರೆ ಕಣೋ," ಅಂದು ಒಳಗೆ ಹೋಗಿ ವರ್ನಿಯರ್ ತಂದರು.

ಹ್ಯಾಂಡಲ್ ಅನ್ನು ಹಿಡಿದುಕೊಂಡು ಮುಂದಿನ ಫೋರ್ಕಿನ ಕೊಳವೆಯೊಳಕ್ಕೆ ಇಳಿಯುವ ಕತ್ತಿನಂಥ ಭಾಗ ಇದೆಯಲ್ಲ, ಅದರ ಹೆಸರು ಸ್ಟೆಮ್. ನನ್ನ ಸ್ಟೆಮ್ಮಿನ ಮೇಲೆ ಸಣ್ಣದಾಗಿ 26.0 ಅಂತ ಕೊರೆದಿತ್ತು. ಹ್ಯಾಂಡಲ್ಲಿನ ನಡುಭಾಗ ವರ್ನಿಯರ್‌ನಲ್ಲಿ 25.4 ಮಿ.ಮೀ. ವ್ಯತ್ಯಾಸ 0.6. ಈ ಸಂದು ತುಂಬೋಕೆ ಒಳಗೆ ಏನೋ ಸುತ್ತಿದ್ದರು. ಮಾವ ಕಟಿಂಗ್ ಪ್ಲೇಯರ್‌ನಿಂದ ಎಳೆದು ತೆಗೆದರು: ಕೂಲ್ ಡ್ರಿಂಕ್ ಡಬ್ಬಿಯ ತಗಡು, ಒಂದೇ ಸುತ್ತು.

ಲೆಕ್ಕ ನೋಡಿ. 0.6 ವ್ಯಾಸದ ವ್ಯತ್ಯಾಸ ತುಂಬೋಕೆ ಸುತ್ತಲೂ 0.3 ಮಿ.ಮೀ. ದಪ್ಪದ ತಗಡು ಬೇಕು. ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ಉಳಿದ ಸಂದನ್ನು ಬೋಲ್ಟ್ ಬಿಗಿದೇ ಮುಚ್ಚಬೇಕು. ಸ್ಟೆಮ್ಮಿನ ಬಾಯಿ ಹೀಗೆ ಅತಿಯಾಗಿ ಮುಚ್ಚಿದಾಗ ಅದು ದುಂಡಗೆ ಉಳಿಯಲ್ಲ, ಮೊಟ್ಟೆಯಾಕಾರ ಆಗುತ್ತೆ. ಹ್ಯಾಂಡಲ್ ಅನ್ನು ಸುತ್ತಲೂ ಅಪ್ಪಿಕೊಳ್ಳೋ ಬದಲು ಎರಡೇ ಗೆರೆಗಳಲ್ಲಿ ಕಚ್ಚಿಕೊಳ್ಳುತ್ತೆ. ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿ ಅನ್ನಿಸುತ್ತೆ, ಹಂಪ್ ಬಂದ ದಿನ ಬಣ್ಣ ಬಯಲಾಗುತ್ತೆ.

ಜೀವ ವಿಮೆಯ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ಇದ್ದುಕೊಂಡು ನಾನು ಕೂಲ್ ಡ್ರಿಂಕ್ ಡಬ್ಬಿಯನ್ನು ನಂಬಿ ಮೂರು ವಾರ ಓಡಾಡಿದ್ದೆ.

ಆಮೇಲೆ ನನ್ನ ತಲೆ ಕೊರೆದ ಪ್ರಶ್ನೆ ಒಂದೇ. ಇಡೀ ಜಗತ್ತು ಓಡಿಸೋ ಸೈಕಲ್ಲಿಗೆ 25.4 ಮತ್ತು 26.0 ಅಂತ ಎರಡು ಅಳತೆ ಯಾಕೆ? ಕಣ್ಣಿಗೇ ಕಾಣದ ಈ 0.6 ಎಲ್ಲಿಂದ ಬಂತು?

25.4 ಅಂದ್ರೆ ಒಂದು ಇಂಚು. ಇವತ್ತಿನ ಆಕಾರದ ಸೈಕಲ್ಲನ್ನು ಗೆಲ್ಲಿಸಿದ್ದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್. ಅಲ್ಲಿಂದ ಮುಂದೆ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್‌ಗಳ ಕಾರ್ಖಾನೆಗಳು ಇಂಚಿನಲ್ಲೇ ಕೊಳವೆ ಎಳೆದವು. ಫೋರ್ಕಿನ ಮೇಲ್ಕೊಳವೆಯ ಹೊರ ವ್ಯಾಸ 1 ಇಂಚು. ಅದರ ಗೋಡೆ ಇಂಚಿನ ಹದಿನಾರನೇ ಒಂದು ಭಾಗ. ಎರಡು ಕಡೆಯ ಗೋಡೆ ಕಳೆದರೆ ಒಳಗೆ ಉಳಿಯೋದು ಎಂಟರಲ್ಲಿ ಏಳು ಭಾಗ, ಅಂದರೆ 22.2 ಮಿ.ಮೀ. ಅದಕ್ಕೇ ಹಳೇ ಸ್ಟೆಮ್ಮಿನ ಕೆಳಗಿನ ಕಾಲು ಇವತ್ತಿಗೂ 22.2. ಮಿಲಿಮೀಟರಿನಲ್ಲಿ ಓದಿದರೆ ತಲೆಬುಡ ಗೊತ್ತಾಗದ ಸಂಖ್ಯೆ, ಇಂಚಿನಲ್ಲಿ ಓದಿದರೆ ಒಂದನೇ ಕ್ಲಾಸಿನ ಭಿನ್ನರಾಶಿ.

ಇಂಚನ್ನು ಮೊದಲೇ ಮೀಟರಿನಿಂದ ಬಿಟ್ಟುಕೊಟ್ಟಿದ್ದ ಯುರೋಪಿನ ದೇಶಗಳು ತಮ್ಮದೇ ದಾರಿ ಹಿಡಿದವು. ಫ್ರಾನ್ಸಿನ ಹ್ಯಾಂಡಲ್‌ಗಳು ದುಂಡಾಗಿ 25.0 ಮಿ.ಮೀ. ಇಟಲಿಯ ರೇಸ್ ಸೈಕಲ್‌ಗಳಲ್ಲಿ 26.0 ರೂಢಿಗೆ ಬಂತು. ಇಟಲಿಯಲ್ಲೇ ಚಿನೆಲ್ಲಿ ಕಂಪನಿ ಮಾತ್ರ ಬಹುಕಾಲ 26.4 ಮಾಡುತ್ತಿತ್ತು. ನೀವು ಚಿನೆಲ್ಲಿ ಹ್ಯಾಂಡಲ್ ಕೊಂಡರೆ ಚಿನೆಲ್ಲಿ ಸ್ಟೆಮ್ಮನ್ನೇ ಕೊಳ್ಳಬೇಕು. ಚಾರ್ಜರ್ ಪಿನ್ನಿನ ಕಾಟ ಅನುಭವಿಸಿದ ನಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಥೆ ಇನ್ನೂ ಸ್ವಾರಸ್ಯ. ಸ್ವಾತಂತ್ರ್ಯ ಬಂದ ಮೇಲೆ ಇಲ್ಲಿ ತಲೆಯೆತ್ತಿದ ದೊಡ್ಡ ಸೈಕಲ್ ಕಾರ್ಖಾನೆಗಳು ಬ್ರಿಟಿಷ್ ಮಾದರಿಯ ರೋಡ್‌ಸ್ಟರ್ ಅನ್ನೇ ಮಾಡಿದವು. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್ ಹರ್ಕ್ಯುಲಸ್ ತಂದಿತು. ಆಸನ್‌ಸೋಲ್‌ನಲ್ಲಿ ಸೆನ್-ರ್‍ಯಾಲಿ, ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. 1957ರಲ್ಲಿ ನಯಾ ಪೈಸೆ ಬಂತು, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಅಳತೆ ಹಂತ ಹಂತವಾಗಿ ಜಾರಿಯಾಯಿತು. ಸೇರು ಹೋಗಿ ಕಿಲೋ ಬಂತು, ಮೈಲಿಗಲ್ಲು ಕಿಲೋಮೀಟರ್ ಕಲ್ಲಾಯಿತು. ಸೈಕಲ್ ಮಾತ್ರ ಜಗ್ಗಲಿಲ್ಲ. ಟೈರ್ ಕೇಳೋಕೆ ಹೋದರೆ ಇವತ್ತಿಗೂ 'ಇಪ್ಪತ್ತೆಂಟು, ಒಂದೂವರೆ' ಅಂತಲೇ ಕೇಳ್ತೀವಿ.

ಆ ರೋಡ್‌ಸ್ಟರ್‌ನಲ್ಲಿ ಇನ್ನೊಂದು ವಿಶೇಷ ಇತ್ತು. ಕಂಬಿ ಬ್ರೇಕಿನ ಆ ಕಪ್ಪು ಸೈಕಲ್ಲಿನಲ್ಲಿ ಹ್ಯಾಂಡಲ್ಲೂ ಸ್ಟೆಮ್ಮೂ ಒಂದೇ ತುಂಡು. ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಕ್ರೋಮ್ ಲೇಪಿಸಿ ಕಳಿಸುತ್ತಿದ್ದರು. ಅದನ್ನು ಫೋರ್ಕಿನೊಳಗೆ ಇಳಿಸಿ, ಮೇಲಿನ ಉದ್ದ ಬೋಲ್ಟ್ ತಿರುಗಿಸಿದರೆ ಕೆಳಗಿನ ಕೋನ್ ಮೇಲೆ ಬಂದು ಸ್ಟೆಮ್ಮಿನ ಸೀಳಿದ ಬಾಯನ್ನು ಅಗಲಿಸುತ್ತಿತ್ತು, ಅಷ್ಟೇ. ಹ್ಯಾಂಡಲ್ಲಿಗೂ ಸ್ಟೆಮ್ಮಿಗೂ ಜೋಡಿ ಹೊಂದುತ್ತಾ ಅನ್ನೋ ಪ್ರಶ್ನೆಯೇ ಇಲ್ಲ. ಸುಮಾರು ಅರ್ಧ ಶತಮಾನ ನಮ್ಮ ಮೆಕ್ಯಾನಿಕ್‌ಗಳ ಕೈ ಪಳಗಿದ್ದು ಈ ಸೈಕಲ್ ಮೇಲೆ. ಬೇರೆ ಬೇರೆ ಅಳತೆಯ ಹ್ಯಾಂಡಲ್, ಸ್ಟೆಮ್ ಇರುವ ಆಮದು ಸೈಕಲ್‌ಗಳು ಬೆಂಗಳೂರಿಗೆ ದಂಡಿಯಾಗಿ ಬಂದದ್ದು ಈ ಶತಮಾನದಲ್ಲಿ. ನನಗೆ ತಗಡು ಸುತ್ತಿಕೊಟ್ಟವರ ಮೇಲೆ ಬಂದ ಸಿಟ್ಟು ಇದನ್ನೆಲ್ಲ ಓದಿದ ಮೇಲೆ ಅರ್ಧ ಇಳಿಯಿತು. ಅರ್ಧ ಮಾತ್ರ. ಯಾಕಂದ್ರೆ ಒಂದು ವರ್ನಿಯರ್ ಇಟ್ಟುಕೊಳ್ಳೋದು ದೊಡ್ಡ ವಿಷಯವಲ್ಲ.

ಮಾವನೂ ಮೂವತ್ತು ವರ್ಷ ಅಂಥ ರೋಡ್‌ಸ್ಟರ್‌ನಲ್ಲೇ ಕೆಲಸಕ್ಕೆ ಹೋದವರು. ಪಾಳಿ ಬಿಡೋ ಹೊತ್ತಿಗೆ ಕ್ಯಾರಿಯರ್‌ಗೆ ಟಿಫನ್ ಬಾಕ್ಸ್ ಸಿಕ್ಕಿಸಿಕೊಂಡ ಸೈಕಲ್‌ಗಳು ರಸ್ತೆ ತುಂಬ ಬರುತ್ತಿದ್ದದ್ದನ್ನು ಅವರು ಈಗಲೂ ಹೇಳ್ತಾರೆ. ಆದರೆ ಅಳತೆ ಹೊಂದದ ಜೋಡಿಯ ಗೋಳು ಅವರಿಗೆ ಸೈಕಲ್ಲಿನಿಂದಲ್ಲ, ಫ್ಯಾಕ್ಟರಿಯಿಂದಲೇ ಗೊತ್ತಿತ್ತು.

ಅದಕ್ಕೂ ಒಂದು ಚರಿತ್ರೆ ಇದೆ. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂ ಮರೆಗಳಿಗೆ ಒಂದೇ ಪದ್ಧತಿ ಇರಲಿ ಅಂತ ಸೂಚಿಸಿದಾಗ ಮರೆಯ ಕೋನ 55 ಡಿಗ್ರಿ ಇಟ್ಟ. ಅಮೆರಿಕದ ವಿಲಿಯಂ ಸೆಲರ್ಸ್ 1864ರಲ್ಲಿ 60 ಡಿಗ್ರಿ ಅಂದ. ಐದು ಡಿಗ್ರಿ ತಾನೆ ಅಂತ ಎಂಬತ್ತು ವರ್ಷ ಎರಡೂ ನಡೆದವು. ಎರಡನೇ ಮಹಾಯುದ್ಧದಲ್ಲಿ ಇಬ್ಬರೂ ಒಂದೇ ಪಕ್ಷದಲ್ಲಿ ನಿಂತಾಗ ಒಬ್ಬರ ಬೋಲ್ಟ್ ಇನ್ನೊಬ್ಬರ ನಟ್ಟಿಗೆ ಕೂರಲಿಲ್ಲ. ಯುದ್ಧ ಮುಗಿದ ಮೇಲೆ, 1948ರ ನವೆಂಬರ್‌ನಲ್ಲಿ, ಅಮೆರಿಕ, ಬ್ರಿಟನ್, ಕೆನಡಾ ಸೇರಿ ಒಂದೇ ಮರೆಗೆ ಸಹಿ ಹಾಕಿದವು. ಇಂಚಿನ ವಿಷಯದಲ್ಲಿ ರಾಜಿಯಾಗೋಕೆ ಇನ್ನೂ ಹನ್ನೊಂದು ವರ್ಷ ಬೇಕಾಯಿತು. ಇಂಚು ಅಂದರೆ ಸರಿಯಾಗಿ 25.4 ಮಿ.ಮೀ. ಅಂತ ಇಂಗ್ಲಿಷ್ ಮಾತಾಡುವ ಆರು ದೇಶಗಳು ಒಪ್ಪಿ ಜಾರಿಗೆ ತಂದದ್ದು 1959ರ ಜುಲೈನಲ್ಲಿ.

ಇದರ ಒಂದು ತುದಿ ನಮ್ಮ ಪಕ್ಕದಲ್ಲೇ ಇದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಹುಟ್ಟುಹಾಕಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಮೊದಲು ಜೋಡಿಸಿದ್ದು ಹಾರ್ಲೋ ಅನ್ನೋ ಅಮೆರಿಕನ್ ವಿಮಾನ. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ, ಯುದ್ಧ ವಿಮಾನಗಳ ರಿಪೇರಿಯ ದೊಡ್ಡ ತಾಣವಾಯಿತು. ಸ್ವಾತಂತ್ರ್ಯದ ನಂತರ ಅಲ್ಲೇ ಪ್ರೆಂಟಿಸ್, ವ್ಯಾಂಪೈರ್, ನ್ಯಾಟ್, ಎಲ್ಲ ಬ್ರಿಟಿಷ್ ವಿಮಾನಗಳು. ಆಮೇಲೆ ಜರ್ಮನಿಯ ಕುರ್ಟ್ ಟ್ಯಾಂಕ್ ತಂಡ ಕಟ್ಟಿ ವಿನ್ಯಾಸ ಮಾಡಿದ, ಬ್ರಿಟಿಷ್ ಎಂಜಿನ್ನಿನ ಎಚ್‌ಎಫ್-24 ಮರುತ್. 1961ರ ಜೂನ್ 17ರಂದು ಅದನ್ನು ಮೊದಲು ಹಾರಿಸಿದ್ದು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮರುತ್‌ನದೇ ಒಂದು ಪರೀಕ್ಷಾ ಹಾರಾಟದಲ್ಲಿ ಅವರು ತೀರಿಕೊಂಡರು. ನಾನು ಮಂಡಿ ತರಚಿಕೊಂಡ ರಸ್ತೆಗೆ ಇರುವುದು ಅವರ ಹೆಸರು.

ಮಾವ ಕೆಲಸಕ್ಕೆ ಸೇರಿದ್ದು ಅದಾದ ಎರಡು ವರ್ಷಕ್ಕೆ. "ನಮ್ಮ ಹತ್ರ ಇಂಚಿನ ಸ್ಪ್ಯಾನರ್ರೂ ಇರ್ತಿತ್ತು, ಮಿಲಿಮೀಟರ್ ಸ್ಪ್ಯಾನರ್ರೂ ಇರ್ತಿತ್ತು," ಅಂದರು. "ಹತ್ತಿರ ಹತ್ತಿರ ಇರೋ ಅಳತೇನೇ ಅಪಾಯ. ತೀರಾ ಬೇರೆ ಇದ್ರೆ ಹಾಕೋಕೇ ಆಗಲ್ಲ, ಬಿಟ್ಬಿಡ್ತೀವಿ. ಹತ್ತಿರ ಇದ್ರೆ ಹಾಕ್ಬಿಡ್ತೀವಿ."

ಸರಿ, ಹಾಗಾದ್ರೆ ಅಳತೆಯ ತಗಡು ಹಾಕಿ ಸರಿಮಾಡಿಕೊಡಿ ಅಂದೆ. ಮಾವನ ಹತ್ತಿರ ಅದಕ್ಕೂ ದಾರಿ ಇತ್ತು. ಈ ಥರ ಸಂದು ತುಂಬುವ ಪಟ್ಟಿಗೆ ಶಿಮ್ ಅನ್ನುತ್ತಾರೆ. 25.4ರ ಹ್ಯಾಂಡಲ್ ಅನ್ನು 26.0ರ ಸ್ಟೆಮ್ಮಿಗೆ ಕೂರಿಸೋಕೆ ಅಳತೆಗೆ ಮಾಡಿದ ಅಲ್ಯೂಮಿನಿಯಂ ಶಿಮ್ ರೆಡಿಮೇಡ್ ಸಿಗುತ್ತೆ. ಸಿಗದಿದ್ದರೆ 0.3 ಮಿ.ಮೀ. ತಗಡನ್ನು ಸ್ಟೆಮ್ಮಿನ ಬಾಯಿಯಷ್ಟೇ ಅಗಲಕ್ಕೆ ಕತ್ತರಿಸಬೇಕು. ಉದ್ದ ಒಂದೇ ಸುತ್ತು, ತುದಿಗಳು ಒಂದರ ಮೇಲೊಂದು ಬರಬಾರದು, ಎರಡು ಮೂರು ಮಿ.ಮೀ. ಕಡಿಮೆಯೇ ಇರಲಿ, ಆ ಬಿರುಕು ಸ್ಟೆಮ್ಮಿನ ಸೀಳಿಗೆ ಎದುರಾಗಿ ಬರಲಿ. ಅಂಚುಗಳನ್ನು ಅರದಿಂದ ಉಜ್ಜಿ ನಯ ಮಾಡಬೇಕು. ಎಣ್ಣೆ ಜಿಡ್ಡು ಒರೆಸಿಯೇ ಕೂರಿಸಬೇಕು. ಇಷ್ಟು ಮಾಡಿದರೆ ಸುತ್ತಲೂ ಸಮನಾಗಿ ಹಿಡಿಯುತ್ತೆ.

ಹೀಗೆಲ್ಲ ಹೇಳ್ತಾ ಮಾವ ನನ್ನ ಹ್ಯಾಂಡಲ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಆಮೇಲೆ ನನ್ನ ಹೆಬ್ಬೆರಳು ಹಿಡಿದು ನಡುಭಾಗದ ಮೇಲೆ ಆಡಿಸಿದರು. ಸ್ಟೆಮ್ಮಿನ ಅಂಚು ಬರುವ ಜಾಗದಲ್ಲಿ ಉಗುರಿಗೆ ಸಿಕ್ಕುವಂಥ ಗೀರು.

"ತಗಡು ಕಡಿದಿದೆ. ಇದನ್ನ ಇನ್ನು ಹಾಕೋ ಹಾಗಿಲ್ಲ."

"ಒಂದು ಗೀರು ತಾನೆ ಮಾವ?"

ಈ 'ಒಂದು ಗೀರು ತಾನೆ'ಗೆ ಉತ್ತರ ಕಂಡುಕೊಳ್ಳೋಕೆ ಎಂಜಿನಿಯರ್‌ಗಳಿಗೆ ನೂರು ವರ್ಷ ಹಿಡಿಯಿತು. ಜರ್ಮನಿಯ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ರೈಲಿನ ಅಚ್ಚುಗಳನ್ನು ಮತ್ತೆ ಮತ್ತೆ ಬಗ್ಗಿಸಿ ಪರೀಕ್ಷಿಸಿದ. ಒಂದೇ ಸಲಕ್ಕೆ ಮುರಿಯಲಾರದಷ್ಟು ಸಣ್ಣ ಭಾರವೂ ಲಕ್ಷ ಸಲ ಬಿದ್ದರೆ ಲೋಹ ಮುರಿಯುತ್ತೆ ಅಂತ ತೋರಿಸಿದ. ಅದನ್ನೇ ಲೋಹದ ದಣಿವು ಅನ್ನೋದು. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಕೆಲವೇ ತಿಂಗಳ ಅಂತರದಲ್ಲಿ ಆಕಾಶದಲ್ಲೇ ಒಡೆದು ಬಿದ್ದಾಗ ಕಾರಣ ಅದೇ ದಣಿವು ಅಂತ ತನಿಖೆ ಹೇಳಿತು. ಸ್ಟೀಲಿಗೆ ಒಂದು ಮಿತಿ ಇದೆ, ಅದಕ್ಕಿಂತ ಕಡಿಮೆ ಭಾರಕ್ಕೆ ಅದು ದಣಿಯದೇ ಇರಬಲ್ಲದು. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಪ್ರತಿ ಹಂಪ್ ಲೆಕ್ಕಕ್ಕೆ ಬರುತ್ತೆ. ಬಿರುಕು ಹುಟ್ಟೋಕೆ ಒಂದು ಜಾಗ ಬೇಕು. ಆ ಗೀರು ಆ ಜಾಗ. ಹ್ಯಾಂಡಲ್ ಅತಿ ಹೆಚ್ಚು ಬಾಗುವುದೂ ಸ್ಟೆಮ್ಮಿನ ಅಂಚಿನಲ್ಲೇ. ಮುರಿಯುವಾಗ ಅದು ಮುನ್ಸೂಚನೆ ಕೊಡಲ್ಲ. ನಾನು ಬಿದ್ದದ್ದು ಹ್ಯಾಂಡಲ್ ತಿರುಗಿ. ಹುಡುಗ ಬೀಳಬಹುದಾಗಿದ್ದದ್ದು ಅದು ತುಂಡಾಗಿ, ತಿಂಗಳುಗಳ ನಂತರ, ಯಾವುದೋ ಫ್ಲೈಓವರ್ ಇಳಿಜಾರಿನಲ್ಲಿ.

ಆ ಸಂಜೆ ಹುಡುಗನಿಗೆ ಫೋನ್ ಮಾಡಿ ಮುಂದಿನ ಭಾನುವಾರ ಆಗಲ್ಲ ಅಂದೆ. ಎರಡು ದಿನ ಮೆಸೇಜ್ ಬರಲಿಲ್ಲ.

ಈ ಕಾಯುವಿಕೆಯಲ್ಲಿ ಕಲಿತ ಇನ್ನಷ್ಟು ವಿಷಯ ನಿಮಗೂ ಉಪಯೋಗಕ್ಕೆ ಬರಬಹುದು. ನಿಮ್ಮಲ್ಲಿ ಬಹಳ ಜನರ ಸೈಕಲ್ಲಿನಲ್ಲಿ ನನ್ನ ಹಾಗೆ ಕೊಳವೆಯೊಳಗೆ ಇಳಿಯುವ ಸ್ಟೆಮ್ ಇರಲ್ಲ. ಜಾನ್ ರೇಡರ್ ಅನ್ನುವವರು ಕಂಡುಹಿಡಿದು, 1990ರ ದಶಕದ ಶುರುವಿನಲ್ಲಿ ಡಯಾ-ಕಾಂಪ್ ಕಂಪನಿ ಮಾರುಕಟ್ಟೆಗೆ ತಂದ ಪದ್ಧತಿಯಲ್ಲಿ ಸ್ಟೆಮ್ ಕೊಳವೆಯನ್ನು ಹೊರಗಿನಿಂದ ಅಪ್ಪಿಕೊಳ್ಳುತ್ತೆ. ಅಲ್ಲಿ ಹ್ಯಾಂಡಲ್ಲಿನ ನಡು ಸಾಮಾನ್ಯವಾಗಿ 31.8 ಮಿ.ಮೀ., ಅಂದರೆ ಮತ್ತೆ ನಮ್ಮ ಇಂಚೇ, ಒಂದೂಕಾಲು. ಕೆಲವು ಮೌಂಟನ್ ಬೈಕ್‌ಗಳಲ್ಲಿ 35. ಹಳೇ 25.4ರ ಹ್ಯಾಂಡಲ್ ಅನ್ನು 31.8ರ ಸ್ಟೆಮ್ಮಿಗೆ ಹಾಕಬೇಕಾದರೆ 3.2 ಮಿ.ಮೀ. ದಪ್ಪದ, ಎರಡು ಅರ್ಧಗಳ ಶಿಮ್ ಸಿಗುತ್ತೆ, ಅದು ಸರಿಯಾದ ವಿಧಾನವೇ. ಇದರ ತಿರುವುಮುರುವು ಮಾತ್ರ ಬೇಡವೇ ಬೇಡ. ದಪ್ಪ ಹ್ಯಾಂಡಲ್ ಅನ್ನು ಸಣ್ಣ ಸ್ಟೆಮ್ಮಿಗೆ ತೂರಿಸೋಕೆ ಸ್ಕ್ರೂಡ್ರೈವರ್ ಹಾಕಿ ಬಾಯಿ ಅಗಲಿಸುವುದು, ಒಳಗೆ ಅರ ಹಾಕಿ ಉಜ್ಜುವುದು, ಎರಡೂ ಸ್ಟೆಮ್ಮನ್ನು ಕೊಂದ ಹಾಗೆ. ಕಾರ್ಬನ್ ಹ್ಯಾಂಡಲ್ ಆದರೆ ತಯಾರಕರು ಒಪ್ಪದ ಶಿಮ್ ಮುಟ್ಟಲೇಬೇಡಿ.

ನಾಲ್ಕು ಬೋಲ್ಟಿನ ಮುಚ್ಚಳ ಇದ್ದರೆ ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಿ. ಕಂಪನಿ ಬೇರೆ ಥರ ಹೇಳಿರದಿದ್ದರೆ ಮೇಲಿನ ಸಂದು, ಕೆಳಗಿನ ಸಂದು ಒಂದೇ ಸಮ ಕಾಣಬೇಕು. ಎಷ್ಟು ಬಿಗಿಯಬೇಕು ಅಂತ ಸ್ಟೆಮ್ಮಿನ ಮೇಲೇ ಬರೆದಿರುತ್ತೆ. ಬಹಳಷ್ಟರ ಮೇಲೆ 5 ನ್ಯೂಟನ್ ಮೀಟರ್ ಅಂತಿರುತ್ತೆ. ಅಂದರೆ ಹತ್ತು ಸೆಂಟಿಮೀಟರ್ ಉದ್ದದ ಕೀಲಿಯ ತುದಿಯಲ್ಲಿ ಐದು ಕಿಲೋ ಭಾರ ತೂಗಿದಷ್ಟು. ನಮ್ಮಲ್ಲಿ ಸಾಮಾನ್ಯವಾಗಿ ಹಾಕೋ ಶಕ್ತಿಗಿಂತ ಕಡಿಮೆಯೇ. ಹಳೇ ಮಾದರಿಯ ಸ್ಟೆಮ್ ಆದರೆ ಅದರ ಕಾಲಿನ ಮೇಲೊಂದು ಗೆರೆ ಕೊರೆದಿರುತ್ತೆ. ಎತ್ತರ ಬೇಕು ಅಂತ ಎಷ್ಟೇ ಆಸೆಯಾದರೂ ಆ ಗೆರೆ ಹೊರಗೆ ಕಾಣಬಾರದು. ಕಾಲಿನ ವ್ಯಾಸದ ಎರಡೂವರೆ ಪಟ್ಟಾದರೂ ಒಳಗಿರಬೇಕು ಅನ್ನೋದು ಅದರ ಹಿಂದಿನ ಲೆಕ್ಕ. 22.2ಕ್ಕೆ 55.5 ಮಿ.ಮೀ.

ಮೂರನೇ ವಾರ 26.0ರ ಹ್ಯಾಂಡಲ್ ಬಂತು. ಮಾವನ ಮನೆ ವರಾಂಡದಲ್ಲಿ ಹುಡುಗನ ಕೈಗೆ ವರ್ನಿಯರ್ ಕೊಟ್ಟೆವು. ಡಬ್ಬದ ಮೇಲೆ ಬರೆದಿದೆಯಲ್ಲ ತಾತ ಅಂದ. ಬರೆದದ್ದು ಬೇಡ, ನೀನು ನೋಡಿ ಹೇಳು ಅಂದರು ಮಾವ. ಮೂರು ಕಡೆ ಅಳೆದು 26.0 ಅಂದ. ಹಳೇ ಹ್ಯಾಂಡಲ್ ಅನ್ನು ಮಾವ ಆಗಲೇ ಗರಗಸ ಹಾಕಿ ಎರಡು ತುಂಡು ಮಾಡಿಟ್ಟಿದ್ದರು, ಗುಜರಿಯಿಂದ ಇನ್ಯಾರೂ ಎತ್ತಿಕೊಂಡು ಹೋಗಿ ಹಾಕಿಕೊಳ್ಳದಿರಲಿ ಅಂತ.

ಬಿಗಿದಾದ ಮೇಲೆ ಮಾವ ಮುಂದೆ ನಿಂತು ಚಕ್ರವನ್ನು ಎರಡು ಮಂಡಿಗಳ ನಡುವೆ ಒತ್ತಿಹಿಡಿದು ಹ್ಯಾಂಡಲ್ ತಿರುಚಿ ನೋಡಿದರು. ಆಮೇಲೆ ನನ್ನನ್ನು ಕರೆದು, ಮೈಭಾರವೆಲ್ಲ ಬ್ರೇಕ್ ಹಿಡಿಕೆಗಳ ಮೇಲೆ ಹಾಕಿ ಒತ್ತು ಅಂದರು. ಒತ್ತಿದೆ. ಅಲ್ಲಾಡಲಿಲ್ಲ.

ಹುಡುಗ ಹೆಲ್ಮೆಟ್ ಹಾಕಿಕೊಂಡು ಹೊರಟ. ಗೇಟಿನ ಹತ್ತಿರ ನಾನೂ ಮಾವನೂ ಸುಮ್ಮನೆ ನಿಂತಿದ್ದೆವು. ಇಪ್ಪತ್ತು ನಿಮಿಷಕ್ಕೆ ಬೆವರಿಕೊಂಡು ವಾಪಸ್ ಬಂದವನು, ಸೈಕಲ್ ಗೋಡೆಗೆ ಒರಗಿಸಿ, "ಮೊದಲನೇ ರೌಂಡ್ ಆದ್ಮೇಲೆ ಬೋಲ್ಟ್ ಇನ್ನೊಂದ್ಸಲ ನೋಡ್ಬೇಕು ಅಂದಿದ್ರಲ್ಲ ತಾತ, ಆ ಕೀಲಿ ಕೊಡಿ," ಅಂತ ಕೈ ಚಾಚಿದ.